ಸಿಗಾರ್ ಒಳ್ಳೆಯದೋ ಅಲ್ಲವೋ, ಹೇಳುವುದು ಹೇಗೆ?

ಪ್ರಶ್ನೆ: ಸರ್, ದುಬೈಯಲ್ಲಿರುವ ನಮ್ಮ ಭಾವ ಜನವರಿಯಲ್ಲಿ ಬಂದಾಗ ಹತ್ತು ಸಿಗಾರ್ ಇರುವ ಮರದ ಪೆಟ್ಟಿಗೆ ತಂದುಕೊಟ್ಟರು. ನಿಕರಾಗುವಾದ್ದು, ಕೈಯಲ್ಲೇ ಕಟ್ಟಿದ್ದು, ರೊಬಸ್ಟೊ ಸೈಜು. ಪೆಟ್ಟಿಗೆಯನ್ನು ಬೀರುವಿನಲ್ಲಿ ಇಟ್ಟಿದ್ದೆ. ಮಾರ್ಚ್ ಕೊನೆಯ ಭಾನುವಾರ ಸಂಜೆ ವಿಜಯನಗರದ ನಮ್ಮ ಮನೆ ತಾರಸಿಯಲ್ಲಿ ಒಂದನ್ನು ಹಚ್ಚಿದೆ. ತುದಿ ಕತ್ತರಿಸುವಾಗಲೇ ಮೇಲಿನ ಎಲೆ ಸೀಳಿತು. ಒಂದು ಕಡೆ ಬೇಗ ಉರಿಯಿತು, ಇನ್ನೊಂದು ಕಡೆ ಹಾಗೇ ಉಳಿಯಿತು. ಎರಡು ಸಲ ಆರಿಹೋಯಿತು. ನಾಲಿಗೆ ಚುರುಗುಟ್ಟಿತು. ಅರ್ಧ ಆಗುವಷ್ಟರಲ್ಲಿ ಬರೀ ಕಹಿ, ಮೇಲೆ ತಲೆಸುತ್ತು. ಭಾವ ಹೇಳಿದ ಕೋಕೋ, ಬಾದಾಮಿ, ಚರ್ಮ ಇವು ಯಾವುದೂ ನನಗೆ ಸಿಗಲಿಲ್ಲ. ಸಿಗಾರ್ ಕೆಟ್ಟದ್ದೋ, ನನ್ನ ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲವೋ? ಇದನ್ನು ಅಳೆಯುವ ಕ್ರಮ ಯಾವುದು?

ಉತ್ತರ: ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಸಿಗಾರ್ ಕೆಟ್ಟದ್ದು ಎನ್ನಲು ನಿಮ್ಮ ಪತ್ರದಲ್ಲಿ ನನಗೆ ಒಂದು ಸಾಕ್ಷಿಯೂ ಕಾಣಲಿಲ್ಲ. ಉಳಿದ ಒಂಬತ್ತನ್ನು ಯಾರಿಗೂ ಕೊಟ್ಟುಬಿಡಬೇಡಿ. ಇನ್ನೂ ಒಂದು ತಿಂಗಳು ಹಚ್ಚಲೂ ಬೇಡಿ.

ಸಿಗಾರ್ ಪರೀಕ್ಷೆ ಮಾಡುವಾಗ ನಾನು ಯಾವಾಗಲೂ ಮೂರು ಜನರನ್ನು ಬೇರೆ ಬೇರೆ ಕೂರಿಸಿ ನೋಡುತ್ತೇನೆ. ಕಟ್ಟಿದವರು, ಇಟ್ಟವರು, ಸೇದಿದವರು. ಬಾಯಿಗೆ ಬಂದ ಕಹಿ ಈ ಮೂವರಲ್ಲಿ ಯಾರದು ಎಂದು ಗೊತ್ತಾಗುವ ತನಕ ರುಚಿಯ ಬಗ್ಗೆ ತೀರ್ಪು ಕೊಡುವುದಿಲ್ಲ. ನೀವು ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ಇಟ್ಟವರದ್ದು, ಕೆಲವು ಸೇದಿದವರದ್ದು. ಕಟ್ಟಿದವರ ಮೇಲೆ ಹೊರಿಸುವಂಥದ್ದು ಬಹುಶಃ ಏನೂ ಇಲ್ಲ. ನಿಕರಾಗುವಾದಲ್ಲಿ ಯಾರೋ ಕೈಯಾರೆ ಎಲೆ ಜೋಡಿಸಿ ಸುತ್ತಿದ್ದಾರೆ. ನಾವು ಬೀರುವಿನಲ್ಲಿ ಒಣಗಿಸಿ, ಅವರ ಕೆಲಸ ಚೆನ್ನಾಗಿಲ್ಲ ಅನ್ನುವುದು ನ್ಯಾಯವಲ್ಲ.

ಮೊದಲು ಎಲೆಯ ವಿಷಯ. ಅದು ಗೊತ್ತಿಲ್ಲದೆ ರುಚಿ ಅರ್ಥವಾಗುವುದಿಲ್ಲ. ನಾನು ಹುಣಸೂರಿನ ಕಡೆಯವನು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಪಕ್ಕದಲ್ಲೇ ಆಡಿ ಬೆಳೆದವನು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಎಲೆ ಸಿಗರೇಟಿಗೆ ಹೋಗುವಂಥದ್ದು. ಅದನ್ನು ಬ್ಯಾರನ್ನಿನಲ್ಲಿ ನೇತುಹಾಕಿ ಬಿಸಿಗಾಳಿಯಲ್ಲಿ ಒಂದು ವಾರದೊಳಗೆ ಹದ ಮಾಡುತ್ತಾರೆ. ಎಲೆ ಹಳದಿ ಬಣ್ಣಕ್ಕೆ ತಿರುಗುತ್ತದೆ, ಅದರ ಸಕ್ಕರೆ ಒಳಗೇ ಉಳಿಯುತ್ತದೆ. ಸಿಗಾರಿನ ಎಲೆಯ ದಾರಿ ಬೇರೆ. ಅದಕ್ಕೆ ಬೆಂಕಿಯ ಬಿಸಿ ಬೇಕಿಲ್ಲ. ಗಾಳಿಯಾಡುವ ಕೊಟ್ಟಿಗೆಯಲ್ಲಿ ತಿಂಗಳು, ಎರಡು ತಿಂಗಳು ನೇತಾಡಿ ಕಂದು ಬಣ್ಣಕ್ಕೆ ಬರುತ್ತದೆ. ಅಷ್ಟರಲ್ಲಿ ಸಕ್ಕರೆ ಬಹುತೇಕ ಹೋಗಿರುತ್ತದೆ. ಆಮೇಲೆ ಬಣವೆ ಒಟ್ಟಿದ ಹಾಗೆ ಎಲೆಯನ್ನು ರಾಶಿ ಹಾಕುತ್ತಾರೆ. ರಾಶಿ ತಾನಾಗಿಯೇ ಒಳಗಿನಿಂದ ಬಿಸಿಯಾಗುತ್ತದೆ, 40 ಡಿಗ್ರಿ ದಾಟಿ ಎಷ್ಟೋ ಸಲ 50ರ ಮೇಲೆ ಹೋಗುತ್ತದೆ. ರಾಶಿಯ ಹೊಟ್ಟೆಯೊಳಗೆ ಕೋಲು ತೂರಿಸಿ ಬಿಸಿ ನೋಡುತ್ತಾರೆ, ಜಾಸ್ತಿಯಾದರೆ ರಾಶಿ ಬಿಚ್ಚಿ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಹಾಕುತ್ತಾರೆ. ತಿಂಗಳುಗಟ್ಟಲೆ ಇದೇ ಕೆಲಸ. ಹಸಿ ಎಲೆಯ ಒರಟುತನ, ಮೂಗಿಗೆ ಹೊಡೆಯುವ ಅಮೋನಿಯಾ, ಎಲ್ಲ ಇಲ್ಲೇ ಹೋಗಬೇಕು. ಹಚ್ಚಿದ ಸಿಗಾರ್ ದನದ ಕೊಟ್ಟಿಗೆಯ ಗಂಜಲದ ವಾಸನೆ ಕೊಟ್ಟು ಕಣ್ಣು ಉರಿಸಿದರೆ, ಈ ಹಂತ ಅರ್ಧಕ್ಕೇ ಮುಗಿದಿದೆ ಎಂದು ತಿಳಿಯಿರಿ. ಅದು ಕಟ್ಟಿದವರ ಕಡೆಯ ತಪ್ಪು. ನಿಮ್ಮ ಪತ್ರದಲ್ಲಿ ಅದು ಇಲ್ಲ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಸಿಗರೇಟಿನ ಹೊಗೆಗೆ ಸ್ವಲ್ಪ ಹುಳಿಯ ಗುಣ. ಸಿಗಾರ್ ಹೊಗೆಗೆ ಕ್ಷಾರದ ಗುಣ. ಕ್ಷಾರದ ಹೊಗೆಯಲ್ಲಿರುವ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಸಿಗಾರ್ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲೇ ಇಟ್ಟು ಬಿಡುತ್ತಾರೆ. ನೀವು ಮೊದಲು ಸಿಗರೇಟು ಸೇದುತ್ತಿದ್ದರೆ ಅಭ್ಯಾಸಬಲದಿಂದ ಒಳಗೆ ಎಳೆದಿರಬಹುದು. ತಲೆಸುತ್ತಿಗೆ ಅದೂ ಒಂದು ಕಾರಣ. ಖಾಲಿ ಹೊಟ್ಟೆ ಇನ್ನೊಂದು. ಇನ್ನೊಮ್ಮೆ ಹಾಗಾದರೆ ಸಿಗಾರ್ ಕೆಳಗಿಟ್ಟು ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳಿ, ನೀರು ಕುಡಿಯಿರಿ, ಗಾಳಿ ಬರುವ ಕಡೆ ಕೂತುಕೊಳ್ಳಿ.

ಇಲ್ಲೇ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಹೊಗೆ ಎದೆಗೆ ಹೋಗದಿದ್ದರೆ ಅಪಾಯ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದು ಸುಳ್ಳು. ಸಿಗಾರ್ ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ನಾನು ಈ ಕೆಲಸದಲ್ಲಿದ್ದರೂ ವರ್ಷಕ್ಕೆ ಹಚ್ಚುವುದು ಬೆರಳೆಣಿಕೆಯಷ್ಟು. ಇದುವರೆಗೆ ತಂಬಾಕು ಮುಟ್ಟದವರು ಈ ಉತ್ತರ ಓದಿ ಶುರು ಮಾಡಬಾರದು ಎಂದು ಕೇಳಿಕೊಳ್ಳುತ್ತೇನೆ. ನೀವು ತಾರಸಿಯಲ್ಲಿ ಒಬ್ಬರೇ ಕೂತದ್ದು ಒಳ್ಳೆಯದಾಯಿತು. ಮಕ್ಕಳು ಹತ್ತಿರ ಇರುವಾಗ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ, ಖಂಡಿತ ಬೇಡ. ಹೊಗೆ ಮೇಲಿನ ಮನೆಗೇ ಹೋಗುತ್ತದೆ. ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ, ಮತ್ತು ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ.

ಈಗ ನಿಮ್ಮ ಬೀರುವಿಗೆ ಬರೋಣ. ಸಿಗಾರ್ ಉಪ್ಪಿನಕಾಯಿಯ ಹಾಗಲ್ಲ, ಹಪ್ಪಳದ ಹಾಗೆ. ಸುತ್ತಲಿನ ಗಾಳಿಯ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಅದಕ್ಕೆ ಹಿತವಾದದ್ದು ಶೇಕಡ 65ರಿಂದ 70ರ ಆರ್ದ್ರತೆ, 18ರಿಂದ 21 ಡಿಗ್ರಿ ಬಿಸಿ. ಬೆಂಗಳೂರಿನ ಹವೆ ತಂಪು, ಇಲ್ಲಿ ಏನೂ ಆಗುವುದಿಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಫೆಬ್ರುವರಿ, ಮಾರ್ಚ್ ಮಧ್ಯಾಹ್ನ ನಮ್ಮ ಊರಿನ ಗಾಳಿ ಎಷ್ಟು ಒಣಗಿರುತ್ತದೆ ಎಂದರೆ ಆರ್ದ್ರತೆ 30ರ ಆಸುಪಾಸಿಗೆ ಇಳಿಯುತ್ತದೆ. ತುಟಿ ಒಡೆಯುತ್ತದೆ, ಒಗೆದ ಬಟ್ಟೆ ಒಂದು ಗಂಟೆಯಲ್ಲಿ ಗರಿಗರಿ ಆಗುತ್ತದೆ, ಅಲ್ವಾ? ಅದೇ ಗಾಳಿ ನಿಮ್ಮ ಬೀರುವಿನೊಳಗೂ ಇದೆ. ಜನವರಿಯಿಂದ ಮಾರ್ಚ್ ಕೊನೆಯವರೆಗೆ ಎರಡು ತಿಂಗಳ ಮೇಲಾಯಿತು. ಮೇಲಿನ ಎಲೆ ಕಾಗದದಷ್ಟು ತೆಳು. ಒಣಗಿದ ಮೇಲೆ ಬ್ಲೇಡ್ ತಾಗಿದರೆ ಸೀಳದೆ ಇನ್ನೇನು ಮಾಡುತ್ತದೆ? ಒಣಗಿದ ಎಲೆ ಬೇಗ ಉರಿಯುತ್ತದೆ, ಬಿಸಿಯಾಗಿ ಉರಿಯುತ್ತದೆ. ನಾಲಿಗೆ ಚುರುಗುಟ್ಟಿದ್ದು ಅದಕ್ಕೇ.

ಜುಲೈ, ಆಗಸ್ಟ್ ಬಂದರೆ ಕಥೆ ಉಲ್ಟಾ. ಬೆಳಗ್ಗೆ ಆರ್ದ್ರತೆ 85 ದಾಟುತ್ತದೆ. ಹೊರಗೆ ಇಟ್ಟ ಸಿಗಾರ್ ಉಬ್ಬುತ್ತದೆ, ಎಳೆದರೆ ಹೊಗೆ ಬರುವುದಿಲ್ಲ, ಪದೇ ಪದೇ ಆರುತ್ತದೆ, ಕೊನೆಗೆ ಬೂಷ್ಟು ಹಿಡಿಯುತ್ತದೆ. ಮಧ್ಯೆ ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಶತ್ರು ಇದೆ, ತಂಬಾಕು ಹುಳು. ಎಲೆಯಲ್ಲಿ ಕಣ್ಣಿಗೆ ಕಾಣದ ಮೊಟ್ಟೆ ಉಳಿದಿದ್ದರೆ, ಕೋಣೆಯ ಬಿಸಿ 25 ದಾಟಿದಾಗ ಅವು ಒಡೆಯುತ್ತವೆ. ಒಂದು ವರ್ಷ ನಾನು ಊರಿಗೆ ಹೋಗುವ ಅವಸರದಲ್ಲಿ ಒಂದು ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟು ಹೋಗಿದ್ದೆ. ಶೀಟಿನ ಕೆಳಗೆ, ಏಪ್ರಿಲ್ ತಿಂಗಳಲ್ಲಿ. ಬಂದು ತೆಗೆದರೆ ಇಪ್ಪತ್ತೈದರಲ್ಲಿ ಹದಿನೇಳಕ್ಕೆ ಸೂಜಿಯಿಂದ ಚುಚ್ಚಿದಂತೆ ತೂತು, ಪೆಟ್ಟಿಗೆಯ ತಳದಲ್ಲಿ ಕಂದು ಪುಡಿ. ಆರು ವರ್ಷ ಜೋಪಾನ ಮಾಡಿದ ಪೆಟ್ಟಿಗೆ ಅದು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ನಿಮ್ಮದರಲ್ಲಿ ಅಂಥ ತೂತು ಕಂಡರೆ ಉಳಿದವನ್ನು ಗಾಳಿ ತೆಗೆದ ಜಿಪ್ ಕವರಿನಲ್ಲಿ ಕಟ್ಟಿ ನಾಲ್ಕೈದು ದಿನ ಫ್ರೀಜರಿನಲ್ಲಿ ಇಡಿ. ಆಮೇಲೆ ಒಂದು ದಿನ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ. ಆಮೇಲೆ ಹೊರಗೆ. ನೇರವಾಗಿ ಹೊರಗೆ ತೆಗೆದರೆ ಎಲೆ ಒಡೆಯುತ್ತದೆ.

ಇವತ್ತೇ ಮಾಡಬೇಕಾದದ್ದು ಇಷ್ಟು. ಪೆಟ್ಟಿಗೆಯನ್ನು ಇಡೀ ಹಿಡಿಸುವಂಥ, ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ. ಹ್ಯುಮಿಡರ್ ಎನ್ನುವ, ಸಿಗಾರಿನ ತೇವ ಕಾಯುವ ಸಾವಿರಾರು ರೂಪಾಯಿಯ ಪಾಲಿಶ್ ಮಾಡಿದ ಪೆಟ್ಟಿಗೆ ಬೇಕಾಗಿಲ್ಲ, ಹತ್ತು ಸಿಗಾರಿಗೆ ಡಬ್ಬಿಯೇ ಮೇಲು. ಎರಡೂ ಕಡೆ ಕೆಲಸ ಮಾಡುವ ತೇವದ ಪ್ಯಾಕೆಟ್ ಸಿಗುತ್ತವೆ. ಜಾಸ್ತಿ ಇದ್ದರೆ ಹೀರುತ್ತವೆ, ಕಡಿಮೆ ಇದ್ದರೆ ಕೊಡುತ್ತವೆ. ಬೊವೆಡಾ ಎಂಬುದು ಅದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಒಣಗಿದ ಸಿಗಾರಿಗೆ ಮೊದಲು 62 ಎಂದು ಬರೆದದ್ದು ಹಾಕಿ, ಎರಡು ವಾರದ ಮೇಲೆ 65ರದ್ದು. ಆತುರ ಬೇಡ. ಒದ್ದೆ ಬಟ್ಟೆ ಸುತ್ತುವುದು, ಆಲೂಗಡ್ಡೆ ಹೋಳು ಇಡುವುದು, ಇವೆಲ್ಲ ಮಾಡಿದರೆ ಎಲೆ ಒಮ್ಮೆಲೇ ಉಬ್ಬಿ ಸಿಗಾರ್ ಬಿರುಕು ಬಿಡುತ್ತದೆ. ಡಬ್ಬಿಯನ್ನು ಮನೆಯ ತಂಪು ಮೂಲೆಯಲ್ಲಿ, ನೆಲದ ಹತ್ತಿರ ಇಡಿ. ವಾರಕ್ಕೊಮ್ಮೆ ಐದು ನಿಮಿಷ ಮುಚ್ಚಳ ತೆಗೆಯಿರಿ.

ಒಂದು ಸಣ್ಣ ಆರ್ದ್ರತೆ ಮೀಟರ್ ಒಳಗೆ ಇಡುವುದು ಒಳ್ಳೆಯದು. ಆದರೆ ಅದನ್ನು ಹಾಗೇ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ ಕೆಲವು ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನಂತಾಗಬೇಕು. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿ ಮುಚ್ಚಿ ಒಂದು ದಿನ ಬಿಡಿ. ಒದ್ದೆ ಉಪ್ಪಿನ ಸುತ್ತಲಿನ ಗಾಳಿ ಯಾವಾಗಲೂ 75ಕ್ಕೆ ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಮುಂದೆ ಪ್ರತಿ ಸಲ 5 ಕೂಡಿಸಿಕೊಳ್ಳಿ.

ಇನ್ನೊಂದು ಅನುಮಾನ ನನಗಿದೆ. ಬೀರುವಿನಲ್ಲಿ ನುಸಿಗುಳಿಗೆ ಇತ್ತೇ? ರೇಷ್ಮೆ ಸೀರೆ ಇಡುವ ಬೀರುವಿನಲ್ಲಿ ಇದ್ದೇ ಇರುತ್ತದೆ. ಸಿಗಾರ್ ತೇವದ ಜೊತೆ ವಾಸನೆಯನ್ನೂ ಕುಡಿಯುತ್ತದೆ. ನುಸಿಗುಳಿಗೆ, ಕರ್ಪೂರ, ಊದುಬತ್ತಿ, ಗಂಧದ ಕೊರಡು, ಇವು ಯಾವುವೂ ಹತ್ತಿರ ಇರಬಾರದು. ಸಿಗಾರ್ ಪೆಟ್ಟಿಗೆಗೆ ಬಳಸುವ ಮರವನ್ನು ಸ್ಪ್ಯಾನಿಷ್ ಸೀಡರ್ ಎನ್ನುತ್ತಾರೆ. ಹೆಸರು ಹಾಗಿದ್ದರೂ ಅದು ದೇವದಾರು ಅಲ್ಲ, ನಮ್ಮ ಬೇವಿನ ಕುಟುಂಬದ ಮರ. ಅದರ ಪರಿಮಳ ಮಾತ್ರ ಸಿಗಾರಿಗೆ ಹೊಂದುತ್ತದೆ. ಒಂಬತ್ತರಲ್ಲಿ ಒಂದನ್ನು ಮೂಗಿಗೆ ಹಿಡಿದು ನೋಡಿ. ನುಸಿಗುಳಿಗೆಯ ವಾಸನೆ ಬಂದರೆ ತಿಂಗಳುಗಟ್ಟಲೆ ಕಾದರೂ ಪೂರ್ತಿ ಹೋಗುವ ಭರವಸೆ ಕೊಡಲಾರೆ.

ಸರಿ, ತಿಂಗಳು ಕಳೆಯಿತು ಎಂದಿಟ್ಟುಕೊಳ್ಳಿ. ಈಗ ಕಟ್ಟಿದವರ ಕೆಲಸ ನೋಡುವ ಸಮಯ. ಇದಕ್ಕೆ ಬೆಂಕಿಯೇ ಬೇಡ. ಸಿಗಾರಿಗೆ ಮೂರು ಪದರ. ಹೊರಗಿನದು ರ‍್ಯಾಪರ್, ಅದರ ಕೆಳಗೆ ಹಿಡಿದಿಡುವ ಬೈಂಡರ್, ಹೊಟ್ಟೆಯಲ್ಲಿ ಫಿಲ್ಲರ್. ಒಳ್ಳೆಯ ಸಿಗಾರಿನಲ್ಲಿ ಫಿಲ್ಲರ್ ತುಂಡು ಎಲೆಯಲ್ಲ, ತಲೆಯಿಂದ, ಅಂದರೆ ಬಾಯಿಗಿಡುವ ಕಡೆಯಿಂದ, ತುದಿಯವರೆಗೆ ಉದ್ದದ ಎಲೆ. ಬೆಳಕಿಗೆ ಹಿಡಿದು ತಿರುಗಿಸಿ. ರ‍್ಯಾಪರ್ ಒಂದೇ ಬಣ್ಣ ಇರಬೇಕು, ನರಗಳು ಸಣ್ಣಗಿರಬೇಕು, ಅಂಚು ಕಾಣದಂತೆ ಸುತ್ತಿರಬೇಕು. ಮೇಲ್ಮೈ ಎಣ್ಣೆ ಸವರಿದ ಚಪ್ಪಲಿ ಚರ್ಮದಂತೆ ಮಿನುಗಿದರೆ ಸಂತೋಷ. ಈಗ ಹೆಬ್ಬೆರಳು, ತೋರುಬೆರಳಿನ ಮಧ್ಯೆ ಹಿಡಿದು ತಲೆಯಿಂದ ತುದಿಗೆ ಮೆಲ್ಲಗೆ ಅಮುಕುತ್ತಾ ಬನ್ನಿ. ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಒಂದು ಕಡೆ ಗಟ್ಟಿ ಗಂಟು ಸಿಕ್ಕಿದರೆ ಅಲ್ಲಿ ಹೊಗೆ ಸಿಕ್ಕಿಕೊಳ್ಳುತ್ತದೆ. ಒಂದು ಕಡೆ ಪೊಳ್ಳು ಇದ್ದರೆ ಅಲ್ಲಿ ಬಿಸಿಯಾಗಿ ಉರಿಯುತ್ತದೆ. ಚಟಚಟ ಸದ್ದು ಬಂದರೆ ಇನ್ನೂ ಒಣಗಿದೆ, ಡಬ್ಬಿಗೆ ವಾಪಸ್.

ಫಿಲ್ಲರಿನಲ್ಲಿ ಗಿಡದ ಬೇರೆ ಬೇರೆ ಎತ್ತರದ ಎಲೆ ಬೆರೆಸುತ್ತಾರೆ. ತುದಿಯ ಎಲೆಗೆ ಬಿಸಿಲು ಜಾಸ್ತಿ, ಅದು ದಪ್ಪ, ಖಾರ, ನಿಧಾನಕ್ಕೆ ಉರಿಯುವಂಥದ್ದು. ಅದನ್ನು ಲಿಹೇರೊ ಎನ್ನುತ್ತಾರೆ. ನಡುವಿನದು ಸೆಕೊ, ಪರಿಮಳ ಅದರದ್ದು. ಬುಡದ್ದು ವೊಲಾಡೊ, ಬೆಂಕಿ ಚೆನ್ನಾಗಿ ಹಿಡಿಯುತ್ತದೆ. ಲಿಹೇರೊವನ್ನು ನಟ್ಟನಡುವೆ ಇಡಬೇಕು. ಕಟ್ಟುವವರ ಕೈ ಸ್ವಲ್ಪ ಜಾರಿ ಅದು ಪಕ್ಕಕ್ಕೆ ಹೋದರೆ ಆ ಕಡೆ ಬೆಂಕಿ ಹಿಂದೆ ಬೀಳುತ್ತದೆ. ನಿಮ್ಮ ಸಿಗಾರ್ ಒಂದು ಕಡೆ ಉರಿದದ್ದಕ್ಕೆ ಇದೂ ಕಾರಣ ಆಗಿರಬಹುದು. ಆದರೆ ನಾನು ಮೊದಲು ತಾರಸಿಯ ಗಾಳಿಯನ್ನೂ, ಹಚ್ಚಿದ ರೀತಿಯನ್ನೂ ಅನುಮಾನಿಸುತ್ತೇನೆ. ಅದೇ ಪೆಟ್ಟಿಗೆಯ ಎರಡು, ಮೂರು ಸಿಗಾರ್ ಗಾಳಿ ಇಲ್ಲದ ಜಾಗದಲ್ಲೂ ಹಾಗೇ ಉರಿದರೆ ಮಾತ್ರ ತಪ್ಪು ಕಟ್ಟಿದವರದ್ದು. ಒಂದೇ ಸಿಗಾರ್ ಸೇದಿ ಒಂದು ಬ್ರ್ಯಾಂಡಿನ ಬಗ್ಗೆ ಮಾತಾಡಬಾರದು ಅನ್ನುವುದು ಇದಕ್ಕೇ. ಕೈಯ ಕೆಲಸದಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ಕತ್ತರಿಸುವಾಗ ತಲೆಯ ಮೇಲಿನ ಟೋಪಿ ಮಾತ್ರ ಹೋಗಬೇಕು. ತಲೆ ಗುಂಡಗೆ ತಿರುಗಿ ನೇರವಾಗುವ ಗೆರೆ ಕಾಣುತ್ತದಲ್ಲ, ಅದಕ್ಕಿಂತ ಮೇಲೆ, ಒಂದೆರಡು ಮಿಲಿಮೀಟರ್ ಸಾಕು. ಗೆರೆ ದಾಟಿದರೆ ರ‍್ಯಾಪರ್ ಬಿಚ್ಚಿಕೊಳ್ಳುತ್ತದೆ. ಹಚ್ಚುವ ಮೊದಲು ಸುಮ್ನೆ ಎರಡು ಸಲ ಎಳೆದು ನೋಡಿ. ಲಸ್ಸಿಯನ್ನು ಸ್ಟ್ರಾದಲ್ಲಿ ಎಳೆದಷ್ಟು ಕಷ್ಟ ಇರಬಾರದು, ಖಾಲಿ ಸ್ಟ್ರಾದಷ್ಟು ಸಲೀಸೂ ಇರಬಾರದು. ಮಜ್ಜಿಗೆ ಎಳೆದಷ್ಟು ಇದ್ದರೆ ಸರಿ. ಆಗ ಬರುವ ರುಚಿಯನ್ನೂ ಗಮನಿಸಿ. ಒಣಹುಲ್ಲು, ಒಣದ್ರಾಕ್ಷಿ, ಮರದ ಪುಡಿ ಇಂಥದ್ದೇನಾದರೂ ಸಿಗುತ್ತದೆ.

ಹಚ್ಚಲು ಪೆಟ್ರೋಲ್ ಲೈಟರ್ ಬೇಡ, ಅದರ ವಾಸನೆ ಮೊದಲ ಹತ್ತು ನಿಮಿಷ ಹೋಗುವುದಿಲ್ಲ. ಗ್ಯಾಸ್ ಲೈಟರ್ ಅಥವಾ ಉದ್ದ ಕಡ್ಡಿ ಇರಲಿ. ಜ್ವಾಲೆಯನ್ನು ಮುಟ್ಟಿಸದೆ, ಸ್ವಲ್ಪ ದೂರದಲ್ಲಿ ಹಿಡಿದು ಸಿಗಾರ್ ತಿರುಗಿಸುತ್ತಾ ಕೆಂಡದ ಮೇಲೆ ಜೋಳ ಸುಟ್ಟ ಹಾಗೆ ಸುತ್ತಲೂ ಕೆಂಪಾಗಿಸಿ. ಆಮೇಲೆ ಎಳೆಯಿರಿ. ಅವಸರದಲ್ಲಿ ಒಂದು ಕಡೆ ಹತ್ತಿಸಿದರೆ ಆ ಕಡೆಯೇ ಮುಂದೆ ಓಡುತ್ತದೆ. ಓಡಿದರೂ ಗಾಬರಿ ಬೇಡ, ಹಿಂದೆ ಬಿದ್ದ ಕಡೆ ಸ್ವಲ್ಪ ಜ್ವಾಲೆ ತೋರಿಸಿದರೆ ಸಮಕ್ಕೆ ಬರುತ್ತದೆ.

ಆಮೇಲೆ ನಿಮಿಷಕ್ಕೆ ಒಂದೇ ದಮ್. ಇದು ಅತಿ ಮುಖ್ಯ, ಮತ್ತು ಹೊಸಬರು ಎಲ್ಲರೂ ಸೋಲುವುದು ಇಲ್ಲೇ. ಆರಿಹೋಗುತ್ತದೆ ಎಂಬ ಭಯದಲ್ಲಿ ಎಳೆದ ಮೇಲೆ ಎಳೆಯುತ್ತಾರೆ. ಕೆಂಡ ವಿಪರೀತ ಬಿಸಿಯಾಗಿ ಎಲೆ ಸೀಯುತ್ತದೆ. ಹಾಲು ತಳ ಹಿಡಿದರೆ ಏಲಕ್ಕಿ ಹಾಕಿ ಏನು ಪ್ರಯೋಜನ? ರೊಬಸ್ಟೊ ಅಂದರೆ ಸುಮಾರು 5 ಇಂಚು ಉದ್ದ, 50 ರಿಂಗ್. ರಿಂಗ್ ಎಂದರೆ ಒಂದು ಇಂಚಿನ 64ನೇ ಒಂದು ಭಾಗ, ಹಾಗಾಗಿ 50 ರಿಂಗ್ ಎಂದರೆ ಮುಕ್ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ. ಅದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಾಳಬೇಕು. ಅರ್ಧ ಗಂಟೆಯಲ್ಲಿ ಮುಗಿದಿದ್ದರೆ ಕಹಿ ಎಲ್ಲಿಂದ ಬಂತು ಎಂದು ಬೇರೆ ಹುಡುಕಬೇಕಾಗಿಲ್ಲ. ಭಾವನನ್ನು ಮುಂದಿನ ಸಲ ಚರ್ಚಿಲ್ ಸೈಜು ಕೇಳಬೇಡಿ, ಅದು 7 ಇಂಚು, ಹೊಸಬರಿಗೆ ಉದ್ದವಾಯಿತು. (ಆ ಹೆಸರಿನವರು, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್, 1896ರಲ್ಲಿ ನಮ್ಮ ಬೆಂಗಳೂರು ದಂಡಿಗೇ ಸೈನ್ಯದ ಕೆಲಸಕ್ಕೆ ಬಂದಿದ್ದರು. ಅದರ ಹಿಂದಿನ ವರ್ಷ ಕ್ಯೂಬಾ ನೋಡಿ ಬಂದಿದ್ದರು.)

ಬೂದಿಯ ಬಗ್ಗೆ ಒಂದು ಮಾತು. ಗಟ್ಟಿಯಾಗಿ ಒಂದು ಇಂಚಿನಷ್ಟು ನಿಂತರೆ ಒಳಗಿರುವುದು ಉದ್ದ ಎಲೆ, ಕಟ್ಟು ಸರಿಯಾಗಿದೆ ಎಂದು ಅರ್ಥ. ಬೆಳ್ಳಗಿದ್ದರೆ ಒಳ್ಳೆಯ ಸಿಗಾರ್, ಕಪ್ಪಗಿದ್ದರೆ ಕೆಟ್ಟದ್ದು ಎಂಬುದನ್ನು ಮಾತ್ರ ಮರೆತುಬಿಡಿ. ಬಣ್ಣ ಮಣ್ಣಿನ ಖನಿಜದಿಂದ ಬರುತ್ತದೆ.

ಈಗ ನಿಮಗೆ ಸಿಗದೇ ಹೋದ ಕೋಕೋ ಮತ್ತು ಚರ್ಮ. ಒಂದು ತುಂಡು ಏಲಕ್ಕಿ ಬೆಲ್ಲ ತೆಗೆದುಕೊಳ್ಳಿ. ಮೂಗು ಬಿಗಿಯಾಗಿ ಹಿಡಿದು ಬಾಯಿಗೆ ಹಾಕಿಕೊಳ್ಳಿ. ಬರೀ ಸಿಹಿ ಗೊತ್ತಾಗುತ್ತದೆ. ಮೂಗು ಬಿಡಿ. ತಕ್ಷಣ ಏಲಕ್ಕಿ ಬರುತ್ತದೆ. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಸಾರಿನ ಹಿತವಾದ ರುಚಿಯಂಥದ್ದು, ಅಷ್ಟೇ. ಉಳಿದ ಎಲ್ಲವೂ ಬಾಯಿಯ ಹಿಂಭಾಗದಿಂದ ಮೂಗಿಗೆ ಹೋದ ಪರಿಮಳ. ಸಿಗಾರಿನಲ್ಲೂ ಹಾಗೇ. ಹೊಗೆಯನ್ನು ಬಾಯಿಂದಲೇ ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ರುಚಿ ನಿಮಗೆ ಸಿಗುವುದೇ ಇಲ್ಲ. ಹೀಗೆ ಮಾಡಿ. ಹೊಗೆ ಬಾಯಿಗೆ ತಂದು ಮುಕ್ಕಾಲು ಪಾಲು ಬಿಟ್ಟುಬಿಡಿ. ಬಾಯಿ ಮುಚ್ಚಿ. ಯಾರೋ ಏನೋ ಕೇಳಿದಾಗ ಬಾಯಿ ತೆರೆಯದೆ ‘ಹೂಂ’ ಅನ್ನುತ್ತೇವಲ್ಲ, ಹಾಗೆ ಅನ್ನಿ. ಉಳಿದ ಸ್ವಲ್ಪ ಹೊಗೆ ಮೂಗಿನಿಂದ ಹೊರಗೆ ಬರುತ್ತದೆ. ಮೊದಲ ಸಲ ಮೆಣಸು ಹುರಿದ ಘಾಟು ಹತ್ತಿದಂತಾಗುತ್ತದೆ. ಎದೆಗೆ ಎಳೆಯಬಾರದು, ನೆನಪಿರಲಿ. ಇಡೀ ಸಿಗಾರಿನಲ್ಲಿ ಮೂರು, ನಾಲ್ಕು ಸಲ ಸಾಕು.

ಇನ್ನು ಪದಗಳು. ನಿಮ್ಮ ಭಾವ ಹೇಳಿದ ಪದಗಳು ಇಂಗ್ಲಿಷ್ ಪತ್ರಿಕೆಗಳಿಂದ ಬಂದಂಥವು. ಅಲ್ಲಿಯವರು ತಮ್ಮ ಅಡುಗೆಮನೆಯಿಂದ ಪದ ತಂದರು. ನಾವು ನಮ್ಮದರಿಂದ ತರಬೇಕು. ನಾನು ಹೊಸಬರಿಗೆ ಹೇಳಿಕೊಡುವಾಗ ಮೊದಲು ಗಾಂಧಿ ಬಜಾರಿಗೆ ಕಳಿಸುತ್ತೇನೆ. ಕಾಫಿ ಪುಡಿ ಅಂಗಡಿಯ ಮುಂದೆ ಎರಡು ನಿಮಿಷ ನಿಲ್ಲಿ. ಚಿಕೋರಿ ಇಲ್ಲದ ಪುಡಿ ಮೂಸಿ, ಚಿಕೋರಿ ಹಾಕಿದ್ದು ಮೂಸಿ. ಗ್ರಂಥಿಗೆ ಅಂಗಡಿಯಲ್ಲಿ ಚಕ್ಕೆ, ಲವಂಗ, ಜಾಯಿಕಾಯಿ, ಕಾಳುಮೆಣಸು, ಒಣಶುಂಠಿ ತನ್ನಿ. ಮನೆಯಲ್ಲಿ ಹುರಿಗಡಲೆ, ಹುರಿದ ಕಡಲೆಕಾಯಿ, ಕೊಬ್ಬರಿ, ಬೆಲ್ಲ, ಒಣದ್ರಾಕ್ಷಿ, ಬೆಣ್ಣೆ ಕಾಯಿಸಿದ ತುಪ್ಪದ ಗಸಿ. ಸಣ್ಣ ಡಬ್ಬಿಗಳಲ್ಲಿ ಹಾಕಿ, ಕಣ್ಣು ಮುಚ್ಚಿ, ಮನೆಯವರಿಂದ ಒಂದೊಂದೇ ಕೊಡಿಸಿಕೊಂಡು ಹೆಸರು ಹೇಳಿ. ಮೊದಲ ದಿನ ಚಕ್ಕೆಗೂ ಲವಂಗಕ್ಕೂ ತಡವರಿಸುತ್ತೀರಿ. ಹತ್ತು ದಿನದಲ್ಲಿ ಸಲೀಸು. ಮೊದಲ ಮಳೆಯ ಮಣ್ಣು, ಹೊಸ ಚಪ್ಪಲಿ, ಮರಗೆಲಸದ ಅಂಗಡಿಯ ಹೊಟ್ಟು, ಹಳೆ ಪುಸ್ತಕ, ಇವನ್ನೂ ದಾರಿಯಲ್ಲಿ ಸಿಕ್ಕಾಗ ಗಮನ ಇಟ್ಟು ಮೂಸಿ. ಮೂಗಿಗೆ ಹೆಸರು ಗೊತ್ತಿದ್ದರೆ ಮಾತ್ರ ಅದು ಹೊಗೆಯಲ್ಲಿ ಗುರುತು ಹಿಡಿಯುತ್ತದೆ.

ನಿಕರಾಗುವಾದ ಎಲೆಯಲ್ಲಿ ಸಾಮಾನ್ಯವಾಗಿ ಮೆಣಸು ಮುಂದೆ ಬರುತ್ತದೆ. ಎಸ್ತೆಲಿ ಕಣಿವೆಯ ಕಪ್ಪು ಮಣ್ಣಿನ ಎಲೆ ಗಡಸು, ಖಾರ. ಹಲಾಪಾ ಕಡೆಯದ್ದು ಸ್ವಲ್ಪ ಸಿಹಿ, ಮೆದು. ರ‍್ಯಾಪರ್ ಗಾಢ ಕಂದು ಬಣ್ಣದ ಮದೂರೊ ಆಗಿದ್ದರೆ ಬೆಲ್ಲ ಸುಟ್ಟಂಥ, ಕಾಫಿಯಂಥ ರುಚಿ ಹುಡುಕಿ. ನೆರಳಿನಲ್ಲಿ ಬೆಳೆದ ತಿಳಿ ಬಣ್ಣದ ಕನೆಕ್ಟಿಕಟ್ ಆದರೆ ಹಾಲಿನ ಕೆನೆ, ಒಣಹುಲ್ಲು.

ಒಂದು ಗೊಂದಲ ಮಾತ್ರ ಮಾಡಿಕೊಳ್ಳಬೇಡಿ. ಸ್ಟ್ರಾಂಗ್ ಅಂದರೆ ಒಳ್ಳೆಯದು ಅಲ್ಲ. ನಮಗೆ ಕಾಫಿಯಿಂದ ಇದು ಚೆನ್ನಾಗಿ ಗೊತ್ತು. ಚಿಕೋರಿ ಜಾಸ್ತಿ ಹಾಕಿದರೆ ಡಿಕಾಕ್ಷನ್ ಕಪ್ಪಗೆ, ದಪ್ಪಗೆ ಆಗುತ್ತದೆ, ಆದರೆ ಚಿಕೋರಿಯಲ್ಲಿ ಕೆಫೀನೇ ಇಲ್ಲ. ಬಾಯಿ ತುಂಬುವ ದಪ್ಪ ಒಂದು, ತಲೆಗೆ ಏರುವ ಶಕ್ತಿ ಇನ್ನೊಂದು, ರುಚಿ ಮೂರನೆಯದು. ಸಿಗಾರಿನಲ್ಲೂ ಈ ಮೂರನ್ನು ಬೇರೆ ಬೇರೆ ಬರೆಯಿರಿ. ನಾನು ಹೆಚ್ಚು ಬೆಲೆ ಕೊಡುವುದು ಬದಲಾವಣೆಗೆ. ಸಿಗಾರನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೆ ಎರಡು ಸಾಲು ಬರೆಯುತ್ತೇನೆ. ಮೊದಲ ಭಾಗದ ಮೆಣಸು ಎರಡನೆಯದರಲ್ಲಿ ಇಳಿದು ಕಡಲೆಕಾಯಿಯ ಜಿಡ್ಡು ಬಂತೇ? ಹೊಗೆ ಬಿಟ್ಟ ಮೇಲೆ ರುಚಿ ಬಾಯಲ್ಲಿ ಎಷ್ಟು ಹೊತ್ತು ನಿಂತಿತು? ಒಂದು ರುಚಿ ಇನ್ನೊಂದನ್ನು ತುಳಿಯಿತೇ, ಜೊತೆಗೆ ಕೂತಿತೇ? ಆರಂಭದಿಂದ ಕೊನೆಯವರೆಗೆ ಒಂದೇ ರುಚಿ ಕೊಡುವ ಸಿಗಾರ್ ಎಷ್ಟೇ ದುಬಾರಿಯಾದರೂ ನನ್ನ ಪುಸ್ತಕದಲ್ಲಿ ಮೇಲಕ್ಕೆ ಹೋಗುವುದಿಲ್ಲ. ಕೊನೆಯ ಭಾಗದಲ್ಲಿ ಎಲ್ಲ ಸಿಗಾರೂ ಸ್ವಲ್ಪ ಕಹಿಯಾಗುತ್ತದೆ, ಟಾರ್ ಅಲ್ಲಿ ಸೇರಿರುತ್ತದೆ. ಮೆಲ್ಲಗೆ ಒಮ್ಮೆ ಊದಿದರೆ ಹಳೆಯ ಹೊಗೆ ಹೊರಗೆ ಹೋಗಿ ರುಚಿ ಸ್ವಲ್ಪ ತಿಳಿಯಾಗುತ್ತದೆ. ಬೆರಳಿಗೆ ಬಿಸಿ ತಾಗಿದರೆ ಇಟ್ಟುಬಿಡಿ. ಸಿಗರೇಟಿನಂತೆ ಹೊಸಕಬೇಡಿ, ತಾನಾಗಿಯೇ ಆರುತ್ತದೆ.

ಅಂಕ ಕೊಡುವ ಆಸೆ ಇದ್ದರೆ ಬ್ಯಾಂಡ್, ಅಂದರೆ ಸಿಗಾರಿಗೆ ಉಂಗುರದಂತೆ ಸುತ್ತಿದ ಹೆಸರಿನ ಕಾಗದ, ಕಾಣಬಾರದು. ವೃತ್ತಿಯವರು ಬ್ಯಾಂಡ್ ತೆಗೆಸಿ, ಬರೀ ನಂಬರ್ ಹಾಕಿ ಸೇದುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಹೆಸರು ಕಂಡರೆ ಮೂಗು ಸುಳ್ಳು ಹೇಳುತ್ತದೆ, ಎಷ್ಟು ವರ್ಷದ ಅನುಭವ ಇದ್ದರೂ. ಒಮ್ಮೆ ಕೊಹೀಬಾ ಎಂಬ ಹೆಸರಾಂತ ಕ್ಯೂಬಾ ಬ್ರ್ಯಾಂಡಿನ ಬ್ಯಾಂಡ್ ಹಾಕಿದ ಸಿಗಾರನ್ನು ಐದಾರು ಜನ ಕೂತು ಹೊಗಳಿದ್ದೆವು. ನಗರದ ಒಂದು ಅಂಗಡಿಯಿಂದ ತಂದದ್ದು. ಮರುದಿನ ಪೆಟ್ಟಿಗೆ ನೋಡಿದರೆ ಮುಚ್ಚಳಕ್ಕೆ ಗಾಜು ಕೂರಿಸಿತ್ತು. ಗಾಜಿನ ಮುಚ್ಚಳದ ಕೊಹೀಬಾ ಪೆಟ್ಟಿಗೆ ಎಂದರೆ ನಕಲಿ, ಅದರಲ್ಲಿ ಎರಡು ಮಾತಿಲ್ಲ. ಅಸಲಿ ಕ್ಯೂಬಾ ಪೆಟ್ಟಿಗೆಯ ತಳದಲ್ಲಿ ಕೈಯಲ್ಲೇ ಕಟ್ಟಿದ್ದು ಎಂಬ ಸ್ಪ್ಯಾನಿಷ್ ಬರಹ, ಕಾರ್ಖಾನೆಯ ಗುಪ್ತ ಅಕ್ಷರ, ತಿಂಗಳು, ವರ್ಷ ಇರುತ್ತದೆ.

ಸೇದುವ ದಿನ ಊಟ ಆಗಿ ಒಂದು ಗಂಟೆ ಕಳೆದಿರಲಿ. ಬೆಳ್ಳುಳ್ಳಿ ಚಟ್ನಿ, ಉಪ್ಪಿನಕಾಯಿ ಅಂದು ಬೇಡ. ಪಕ್ಕದಲ್ಲಿ ನೀರು ಸಾಕು. ಕಾಫಿ ಬೇಕಿದ್ದರೆ ಎರಡನೇ ಸಲ ಸೇದುವಾಗ, ಮೊದಲ ಸಲ ಬರೀ ಸಿಗಾರಿನ ರುಚಿ ತಿಳಿಯಲಿ.

ನಿಮ್ಮ ಹತ್ತಿರ ಒಂಬತ್ತು ಇವೆ. ಮೇ ಕೊನೆಯಲ್ಲಿ, ಮಳೆ ಬಂದು ಗಾಳಿ ನಿಂತ ಒಂದು ಸಂಜೆ ಒಂದನ್ನು ಹಚ್ಚಿ ಮೂರು ಭಾಗಕ್ಕೂ ಬರೆದಿಡಿ. ಎರಡು ವಾರ ಬಿಟ್ಟು ಇನ್ನೊಂದು, ಮೊದಲಿನ ಟಿಪ್ಪಣಿ ನೋಡದೆ. ಎರಡನ್ನೂ ಹೋಲಿಸಿ ನನಗೆ ಬರೆಯಿರಿ. ಉಳಿದವನ್ನು ದೀಪಾವಳಿಯವರೆಗೆ ಡಬ್ಬಿಯಿಂದ ತೆಗೆಯಬೇಡಿ. ಭಾವ ಆಗ ಬಂದರೆ ಬ್ಯಾಂಡ್ ತೆಗೆದು ಅವರಿಗೇ ಒಂದು ಕೊಡಿ, ಅವರಿಗೆ ಏನೇನು ಸಿಗುತ್ತದೆ ಕೇಳಿ.